ಗೋಡೆಯ ಕೊಂಬಿಗೆ ಕಾಗದ ಉಂಟು, ತಿಂದುಹೋದ ಬೆಳೆಗೆ ಇಲ್ಲ



ಎಸ್ಟೇಟಿನ ಲೈನುಗಳಿಂದ ನಮ್ಮ ಕೈಸೇರುವ ಪತ್ರಗಳಲ್ಲಿ ಕೂಲಿ, ಬೋನಸ್ಸು, ಸೋರುವ ಮಾಡು ಇವುಗಳ ಜೊತೆಗೆ ಈಚೆಗೆ ಇನ್ನೊಂದು ದೂರು ಸೇರಿಕೊಂಡಿದೆ. ಜಿಂಕೆ, ಕಡವೆ, ಕಾಡುಹಂದಿಗಳು ರಾತ್ರಿ ಬಂದು ಲೈನಿನ ಹಿಂದಿನ ತರಕಾರಿ ಪಾತಿಯನ್ನು ಮೇಯ್ದು ಹೋಗುತ್ತವೆ, ಕೇಳುವವರಿಲ್ಲ ಎಂಬುದಾಗಿ. ಹಣ ತೆಗೆದುಕೊಂಡು ಬೇಟೆಗೆ ಬಿಟ್ಟುಬಿಡಲಿ, ಕಾಟವೂ ತಪ್ಪುತ್ತದೆ, ಸರಕಾರಕ್ಕೂ ವರಮಾನವಾಗುತ್ತದೆ ಎಂದು ಕೆಲವರು ಬರೆದಿದ್ದಾರೆ. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಬೆಳೆ ಕಳೆದುಕೊಂಡವನಿಗೆ ಜಿಂಕೆಯ ಚೆಲುವಿನ ಉಪದೇಶ ಯಾತಕ್ಕೆ? ಆದರೆ ಬೇಟೆಯ ಹಣ ಹಿಂದೆ ಯಾರ ಕೈಸೇರಿತ್ತು, ಮುಂದೆ ಯಾರ ಕೈಸೇರೀತು ಎಂಬುದನ್ನು ಮೊದಲು ನೋಡೋಣ.

ನೀಲಗಿರಿಯಲ್ಲಿ 1877ರಲ್ಲೇ ದೊರೆಗಳು ಬೇಟೆ ಸಂಘ ಕಟ್ಟಿದ್ದರು. 1879ರಲ್ಲಿ ಮದ್ರಾಸು ಸರಕಾರ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆಂದು ಕಾಯಿದೆ ಮಾಡಿತು. ಲೈಸೆನ್ಸು ಬೇಕು, ಇಂಥ ತಿಂಗಳಲ್ಲಿ ಹೊಡೆಯಬಾರದು ಎಂಬ ನಿಯಮಗಳು ಬಂದವು. ಅಲ್ಲಿ ಕಡವೆಗಳು ಉಳಿದದ್ದಕ್ಕೆ ಅದೂ ಒಂದು ಕಾರಣವೆಂದು ಒಪ್ಪೋಣ. ಆದರೆ ಲೈಸೆನ್ಸಿನ ಹಣ ತೆರಬಲ್ಲವನು ಶಿಕಾರಿದಾರನಾದನು. ಸಾರಿಗಾಗಿ ಉರುಳು ಒಡ್ಡಿದ ಬಡವನು ಕಳ್ಳಬೇಟೆಯವನಾದನು. ಕಾಡು ಸೋಹಿ ಮಿಗವನ್ನು ಬಂದೂಕಿನ ಮುಂದಕ್ಕೆ ಅಟ್ಟಿದ ಆಳಿಗೆ ಒಂದು ದಿನದ ಕೂಲಿ, ಪುಣ್ಯವಿದ್ದರೆ ಒಂದಿಷ್ಟು ಮಾಂಸ. ಕೊಂಬು ಬಂಗ್ಲೆಯ ಗೋಡೆಗೆ.

ನಾವು ಕುಳಿತು ಬರೆಯುತ್ತಿರುವ ವಿಶ್ರಾಮಬಾಗ ಸಾಂಗಲಿ ಮಿರಜಗಳ ನಡುವೆ ಇದೆ. ಇಲ್ಲಿಂದ ದೂರವಿಲ್ಲದ ಕೊಲ್ಲಾಪುರದ ಅರಮನೆಯಲ್ಲಿ ಚಿರತೆಯಂಥ ಚೀತಾಗಳನ್ನು ಸಾಕಿ ಕೃಷ್ಣಮೃಗದ ಮೇಲೆ ಬಿಡುತ್ತಿದ್ದರು. ನಮ್ಮ ದೇಶದ ಚೀತಾ ಅಪರೂಪವಾದ ಮೇಲೆ ಆಫ್ರಿಕದಿಂದ ತರಿಸಿದರು. 1902ರಲ್ಲೇ ಹಿಂದುಳಿದವರಿಗೆ ನೌಕರಿಯಲ್ಲಿ ನೂರಕ್ಕೆ ಐವತ್ತು ಸ್ಥಾನ ಮೀಸಲಿಟ್ಟ ಶಾಹೂ ಮಹಾರಾಜರೂ ಶಿಕಾರಿಯನ್ನು ಬಹಳವಾಗಿ ಪ್ರೀತಿಸಿದವರೇ. ಅವರು ಪಾರಧಿಗಳನ್ನು ಕರೆದು ಕೆಲಸ ಕೊಟ್ಟರೆಂಬುದನ್ನೂ ಹೇಳಬೇಕು. ಕನ್ನಡ ಸೀಮೆಯಲ್ಲಿ ಆ ಜನರಿಗೆ ಹರಣಶಿಕಾರಿ ಎಂದೇ ಹೆಸರು, ಹರಣವೆಂದರೆ ಜಿಂಕೆ. ಜಿಂಕೆಯ ನಡೆ, ನೀರು, ಮೇವು ಎಲ್ಲವನ್ನೂ ಬಲ್ಲ ಈ ಜನರಿಗೆ ಬ್ರಿಟಿಷ್ ಸರಕಾರ 1871ರಲ್ಲಿ ಆರಂಭವಾದ ಕಾಯಿದೆಯ ಕೆಳಗೆ ಹುಟ್ಟು ಅಪರಾಧಿಗಳೆಂಬ ಮುದ್ರೆ ಒತ್ತಿತು. 1952ರವರೆಗೆ ಆ ಮುದ್ರೆ ಅಳಿಯಲಿಲ್ಲ. ಇಂಥ ಜಾತಿಗಳನ್ನು ಕೂಡಿಹಾಕಿದ ವಸಾಹತುಗಳಲ್ಲಿ ಕೆಲವನ್ನು ಸಾಲ್ವೇಷನ್ ಆರ್ಮಿಯಂಥ ಕ್ರೈಸ್ತ ಸಂಸ್ಥೆಗಳೇ ನಡೆಸಿದವು. ಕ್ರೈಸ್ತರ ಪತ್ರಿಕೆಯಾದ್ದರಿಂದ ಅದನ್ನು ಇಲ್ಲಿ ಬಚ್ಚಿಡುವುದು ಸರಿಯಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಪರವಾನಿಗೆಯ ಬೇಟೆಗೆ ಉಳಿದಿದ್ದ ಬಾಗಿಲನ್ನು 1991ರ ತಿದ್ದುಪಡಿ ಮುಚ್ಚಿತು. ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಏರ್ಪಾಡಿತ್ತು. ಮೊದಲೇ ಹೊಡೆದು ಗೋಡೆಗೆ ತೂಗುಹಾಕಿದ್ದ ತಲೆ, ಕೊಂಬು, ಚರ್ಮಗಳನ್ನು ಬರೆದು ತಿಳಿಸಿದವರಿಗೆ ಒಡೆತನದ ಸರ್ಟಿಫಿಕೇಟು ಸಿಗುತ್ತಿತ್ತು. ಆಗ ತಿಳಿಸದೆ ಉಳಿದವರಿಗೆ 2003ರಲ್ಲಿ ಮತ್ತೊಮ್ಮೆ ಅವಕಾಶ ಕೊಟ್ಟರು. ಸತ್ತ ಕಡವೆಯ ತಲೆಗೆ ಸರಕಾರದ ಮೊಹರಿನ ಕಾಗದ ಉಂಟು.

ಜೀವಂತ ಕಡವೆ ತಿಂದ ಬೆಳೆಗೋ? ಪರಿಹಾರದ ನಿಯಮ ಮಹಾರಾಷ್ಟ್ರದಲ್ಲೂ ಇದೆ, ಕರ್ನಾಟಕದಲ್ಲೂ ಇದೆ. ಆದರೆ ಇಲ್ಲಿ ಸಾತ್‌ಬಾರಾ ಉತಾರೆ ತಾ ಎನ್ನುತ್ತಾರೆ, ಅಲ್ಲಿ ಪಹಣಿ ತಾ ಎನ್ನುತ್ತಾರೆ. ನಮ್ಮ ಸಾಂಗಲಿ ಜಿಲ್ಲೆಯ ಸಾಗರೇಶ್ವರವನ್ನೇ ನೋಡಿರಿ. ಸ್ವಾತಂತ್ರ್ಯ ಹೋರಾಟಗಾರರಾದ ಧೋ. ಮ. ಮೋಹಿತೆಯವರ ಪಟ್ಟುಹಿಡಿದ ದುಡಿಮೆಯಿಂದ ಬೋಳು ಗುಡ್ಡಗಳ ಮೇಲೆ ಗಿಡ ನೆಟ್ಟು, ಪ್ರಾಣಿಗಳನ್ನು ತಂದು ಬಿಟ್ಟು ಬೆಳೆಸಿದ ಕಾಡು ಅದು. 1985ರಲ್ಲಿ ಅಭಯಾರಣ್ಯವಾಯಿತು. ಹನ್ನೊಂದು ಚದರ ಕಿಲೋಮೀಟರೂ ತುಂಬದ ಆ ಜಾಗದಲ್ಲಿ ಕಡವೆ, ಚುಕ್ಕೆಜಿಂಕೆ, ಕೃಷ್ಣಮೃಗ ಹೆಚ್ಚಿದವು. ಬೇಸಿಗೆಯಲ್ಲಿ ಮೇವು ನೀರು ಸಾಲದೆ, ಬೇಲಿ ಹರಿದಲ್ಲಿ ನುಸುಳಿ ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಮನುಷ್ಯನೇ ಕಟ್ಟಿದ ಕಾಡಾದ್ದರಿಂದ ಹೊಣೆಯೂ ಮನುಷ್ಯನದೇ ತಾನೆ? ಹೊಲದ ಒಡೆಯನು ಅರ್ಜಿ ಹಾಕಬಹುದು. ಅದೇ ಹೊಲವನ್ನು ಪಾಲಿಗೆ ಮಾಡಿದವನ ಹೆಸರು ಉತಾರೆಯಲ್ಲಿಲ್ಲ. ಒಡೆಯನು ಮನಸ್ಸು ಮಾಡಿ ಕೊಟ್ಟರೆ ಉಂಟು. ಲೈನುಮನೆಯವರಂತೂ ಎಸ್ಟೇಟಿನ ನೆಲದಲ್ಲಿ ನಾಲ್ಕು ಪಾತಿ ಮಾಡಿದವರು. ಅವರ ಬೀನ್ಸು, ಗೆಣಸು, ಬಾಳೆಗಳಿಗೆ ಯಾವ ಪಹಣಿ?

ಇಂಥ ದೂರು ಹಳೆಯದು. ನಮ್ಮ ನಾಡಿಗೆ ಬಾಸೆಲ್ ಮಿಷನ್ನಿನ ಅನೇಕ ಬೋಧಕರನ್ನು ಕಳಿಸಿದ ಜರ್ಮನಿಯ ಸ್ವಾಬಿಯ ಸೀಮೆಯಲ್ಲಿ, ಮೆಮ್ಮಿಂಗೆನ್ ಎಂಬ ಪಟ್ಟಣದಲ್ಲಿ, 1525ರಲ್ಲಿ ರೈತರು ಹನ್ನೆರಡು ಬೇಡಿಕೆಗಳನ್ನು ಅಚ್ಚು ಹಾಕಿಸಿದರು. ನಾಲ್ಕನೆಯದು ಬೇಟೆಯನ್ನು ಕುರಿತದ್ದು. ಧಣಿಗಳ ಮಿಗಗಳು ನಮ್ಮ ಪೈರನ್ನು ಮೇಯುತ್ತವೆ, ನಾವು ಬಾಯಿ ಮುಚ್ಚಿಕೊಂಡು ನೋಡಬೇಕು, ಇದು ದೇವರ ವಾಕ್ಯಕ್ಕೂ ನೆರೆಯವನ ಮೇಲಣ ಪ್ರೀತಿಗೂ ಒಪ್ಪುವುದಿಲ್ಲ ಎಂಬುದು ಅದರ ಸಾರ. ಲೂಥರ್ ಅವರ ಪಕ್ಷ ವಹಿಸಲಿಲ್ಲ. ಧಣಿಗಳು ಅವರನ್ನು ಕೊಚ್ಚಿಹಾಕಿದರು. ಅನ್ಯರ ಹೊಲದಲ್ಲಿ ಬೇಟೆಯಾಡುವ ಧಣಿಗಳ ಹಕ್ಕು ಮುರಿದುಬಿದ್ದದ್ದು 1848ರ ಕ್ರಾಂತಿಯ ಕಾಲಕ್ಕೆ. ಈಗ ಆ ದೇಶದಲ್ಲಿ ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿದವನೇ ಸಾಮಾನ್ಯವಾಗಿ ಜಿಂಕೆ, ಹಂದಿ ತಿಂದ ಬೆಳೆಗೆ ನಷ್ಟ ಕಟ್ಟಿಕೊಡಬೇಕು.

ಹಾಗಾದರೆ ಹಣದ ಬೇಟೆ ನಮ್ಮಲ್ಲೂ ಬರಲಿ ಎನ್ನುವವರಿಗೆ ಎರಡು ಉದಾಹರಣೆ. ಪಾಕಿಸ್ತಾನದ ಗಿಲ್ಗಿಟ್ ಬಾಲ್ಟಿಸ್ತಾನದಲ್ಲಿ ಕೊಂಬಿನ ಬೇಟೆಗೆ ಪರದೇಶದವರು ಕೊಡುವ ಶುಲ್ಕದಲ್ಲಿ ನೂರಕ್ಕೆ ಎಂಬತ್ತು ಪಾಲು ಆ ಬೆಟ್ಟದ ಹಳ್ಳಿಗಳಿಗೇ ಸಲ್ಲಬೇಕೆಂಬ ಕಟ್ಟಳೆ ಇದೆ. ಅಮೆರಿಕದ ಟೆಕ್ಸಸ್‌ನಲ್ಲಿ ಭೂಮಿ ಬಹುಪಾಲು ಖಾಸಗಿ; ಜಿಂಕೆ ಬೇಟೆಗೆ ಬರುವವನು ಭೂಮಾಲೀಕನಿಗೆ ಗುತ್ತಿಗೆಯ ಹಣ ಕೊಡುತ್ತಾನೆ, ಅಲ್ಲಿ ದುಡಿಯುವ ಆಳಿಗೆ ಅದರಲ್ಲಿ ಹಕ್ಕಿಲ್ಲ. ನಮ್ಮ ಎಸ್ಟೇಟುಗಳಲ್ಲಿ ಯಾವುದು ನಡೆದೀತು? ನಮಗೆ ಸಂಶಯವಿಲ್ಲ. ಬಂದೂಕಿನ ಹಣ ಪಹಣಿಯ ಹೆಸರನ್ನು ಹುಡುಕಿಕೊಂಡು ಹೋಗುತ್ತದೆ. ಮೂರು ತಲೆಮಾರು ಲೈನಿನಲ್ಲಿದ್ದರೂ ಪಹಣಿಯಲ್ಲಿ ನಮ್ಮವರಿಲ್ಲ. ನಾಬೋತನ ಬಳಿ ಕೊನೆಗೆ ತನ್ನದೆನ್ನುವ ದ್ರಾಕ್ಷೇತೋಟವಾದರೂ ಇತ್ತು!

ಆದಕಾರಣ ಬೇಟೆಯನ್ನು ಕೇಳಬೇಡಿರಿ, ಪರಿಹಾರವನ್ನು ಕೇಳಿರಿ ಎಂಬುದೇ ನಮ್ಮ ಅಭಿಪ್ರಾಯ. ನೆಲ ಯಾರದೆಂದು ನೋಡದೆ ಬಿತ್ತಿದವರು ಯಾರೆಂದು ನೋಡಿ ಹಣ ಕೊಡಬೇಕು. ಪಂಚನಾಮೆಯಲ್ಲಿ ನೆರೆಯ ಇಬ್ಬರ ಸಾಕ್ಷಿ ಸಾಕಾಗಬೇಕು. ಪಾತಿ ಮಾಡಲು ಬಿಟ್ಟ ಎಸ್ಟೇಟಿನ ಆಡಳಿತ, ಇಂಥ ಕುಟುಂಬ ಇಷ್ಟು ಗುಂಟೆಯಲ್ಲಿ ಬೆಳೆದುಕೊಳ್ಳುತ್ತದೆ ಎಂದು ಒಂದು ಚೀಟಿ ಬರೆದುಕೊಡಲಿ. ಹಾಗೆ ಬರೆದರೆ ನಾಳೆ ನೆಲವನ್ನೇ ಕೇಳಿಯಾರು ಎಂಬ ಭಯ ಧಣಿಗಳಿಗೆ ಉಂಟೆಂದು ಬಲ್ಲೆವು. ಚೀಟಿಯಲ್ಲಿ ಬೆಳೆಯ ಹಕ್ಕೆಂದು ಮಾತ್ರ ಬರೆಯಲಿ, ಅಷ್ಟರಿಂದ ನಮಗೆ ಈಗ ಸಾಕು.

ಈ ಮಧ್ಯೆ ಪ್ರತಿ ಲೈನಿನಲ್ಲೂ ಅಕ್ಷರ ಬಲ್ಲ ಒಬ್ಬ ಹುಡುಗಿಯೋ ಹುಡುಗನೋ ಒಂದು ನೋಟುಬುಕ್ಕು ಇಡಲಿ. ಯಾವ ರಾತ್ರಿ, ಯಾವ ಪ್ರಾಣಿ, ಯಾರ ಪಾತಿ, ಏನು ಬೆಳೆ, ಎಷ್ಟು ಹೋಯಿತು ಎಂದು ಬರೆದು, ನೋಡಿದ ಇಬ್ಬರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಲಿ. ಸಾಧ್ಯವಾದರೆ ಬೆಳಗಾಗುತ್ತಲೇ ಗೊರಸಿನ ಗುರುತಿನ ಫೋಟೋ ತೆಗೆಯಲಿ. ಮಳೆಗಾಲ ಮುಗಿಯುವುದರೊಳಗೆ ಆ ಹಾಳೆಗಳ ನಕಲನ್ನು ನಮಗೆ ಕಳುಹಿಸಿಕೊಟ್ಟರೆ, ಎಲ್ಲ ಲೈನುಗಳದನ್ನೂ ಒಟ್ಟುಗೂಡಿಸಿ ಅರಣ್ಯ ಇಲಾಖೆಗೆ ಒಂದೇ ಅರ್ಜಿಯಾಗಿ ಬರೆಯುತ್ತೇವೆ.