ಕೈ ಜೋಮಿಗೆ ಮಾತ್ರೆಗಿಂತ ಮೊದಲು ಚಕ್ರ ನೋಡಿ

ಕೈಬೆರಳು ಜೋಮು ಹಿಡಿಯುತ್ತದೆ, ಸೊಂಟ ನೋಯುತ್ತದೆ ಎಂದು ಬರುವವರಲ್ಲಿ ಇಪ್ಪತ್ತು ಮೂವತ್ತರ ಹರೆಯದವರೂ ಇರುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಇರುವುದಿಲ್ಲ, ಭಾರ ಎತ್ತುವ ಕೆಲಸವೂ ಇರುವುದಿಲ್ಲ. ಮನೆಯವರು ಆಗಲೇ ‘ನರದ ದೌರ್ಬಲ್ಯ’ ಎಂದು ತೀರ್ಮಾನಿಸಿ, ಒಂದು ತಿಂಗಳು ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿಸಿರುತ್ತಾರೆ. ಇಂಥವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ‘ದಿನಕ್ಕೆ ಎಷ್ಟು ಹೊತ್ತು ಬೈಕ್ ಓಡಿಸುತ್ತೀರಿ? ಅದರ ಚಕ್ರ ನೇರವಾಗಿದೆಯೇ?’

ಡಾಂಬರು ರಸ್ತೆಗೂ ಕಾಡುದಾರಿಗೂ ಆಗುವ ಡ್ಯುಯಲ್ ಸ್ಪೋರ್ಟ್ ಬೈಕುಗಳು ಈಗ ಯುವಕರ ಅಚ್ಚುಮೆಚ್ಚು. 2016ರಲ್ಲಿ ಬಂದ ಹಿಮಾಲಯನ್, 2019ರಲ್ಲಿ ಬಂದ ಎಕ್ಸ್‌ಪಲ್ಸ್ 200 ಈ ಜಾತಿಯವು. ಎರಡಕ್ಕೂ ಮುಂದೆ 21 ಇಂಚಿನ ಕಡ್ಡಿ ಚಕ್ರ. ಕಲ್ಲಿಗೆ ಬಡಿದರೆ ಮುರಿಯದೆ ಕೊಂಚ ಬಾಗುವುದು ಈ ಚಕ್ರದ ಗುಣ. ಆದರೆ ಬಡಿದಷ್ಟೂ ಕಡ್ಡಿ ಸಡಿಲವಾಗುತ್ತದೆ, ರಿಮ್ ಓರೆಯಾಗುತ್ತದೆ, ಒಳಗೆ ಕೆಸರು ಮೆತ್ತಿಕೊಳ್ಳುತ್ತದೆ. ಚಕ್ರದ ಒಂದು ಬದಿ ತೂಕ ಹೆಚ್ಚಾಗುತ್ತದೆ.

‘ಹತ್ತಿಪ್ಪತ್ತು ಗ್ರಾಂ ಹೆಚ್ಚಾದರೆ ಏನಾಯಿತು?’ ಎನ್ನಬೇಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಆ ಚಕ್ರ ಸೆಕೆಂಡಿಗೆ ಸುಮಾರು ಹತ್ತು ಸುತ್ತು ಸುತ್ತುತ್ತದೆ. ರಿಮ್ಮಿನ ಒಂದೆಡೆ 30 ಗ್ರಾಂ ಹೆಚ್ಚಿದ್ದರೆ, ಪ್ರತಿ ಸುತ್ತಿಗೂ ಅದು ಸುಮಾರು ಮೂರು ಕೆ.ಜಿ. ಬಲದಿಂದ ಚಕ್ರವನ್ನು ಎಳೆದಾಡುತ್ತದೆ. ವೇಗ ಎರಡರಷ್ಟಾದರೆ ಈ ಎಳೆತ ನಾಲ್ಕರಷ್ಟಾಗುತ್ತದೆ. ಊರೊಳಗೆ ಗೊತ್ತಾಗದ ದೋಷ ಹೆದ್ದಾರಿಯಲ್ಲಿ ಕೈ ನಡುಗಿಸುವುದು ಇದರಿಂದಲೇ.

ಕಂಪನದಿಂದ ಕೈ ಕೆಡುತ್ತದೆ ಎಂಬುದು ಹೊಸ ಮಾತಲ್ಲ. 1918ರಲ್ಲೇ ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ, ಗಾಳಿಯೊತ್ತಡದ ಸುತ್ತಿಗೆ ಹಿಡಿದು ಕಲ್ಲು ಕಡೆಯುತ್ತಿದ್ದವರ ಬೆರಳು ಚಳಿಗೆ ಬಿಳಿಚಿಕೊಳ್ಳುವುದನ್ನು ಡಾ. ಆಲಿಸ್ ಹ್ಯಾಮಿಲ್ಟನ್ ಪರಿಶೀಲಿಸಿದ್ದರು. ವಾರಕ್ಕೊಮ್ಮೆ ಬೆಟ್ಟಕ್ಕೆ ಹೋಗಿಬರುವವರು ಅಷ್ಟು ಭಯಪಡಬೇಕಿಲ್ಲ. ಆದರೆ ತೋಟದ ಕೆಲಸಕ್ಕೋ ಮಾರಾಟದ ಕೆಲಸಕ್ಕೋ ದಿನಕ್ಕೆ ಮೂರು ನಾಲ್ಕು ಗಂಟೆ ಬೈಕಿನ ಮೇಲಿರುವವರು ಎಚ್ಚರವಾಗಿರಬೇಕು. ಹ್ಯಾಂಡಲ್ ನಡುಗಿದಷ್ಟೂ ನಾವು ಅದನ್ನು ಬಿಗಿಯಾಗಿ ಹಿಡಿಯುತ್ತೇವೆ. ಬಿಗಿ ಹಿಡಿದಷ್ಟೂ ಕಂಪನ ಕೈಗೆ ಹೆಚ್ಚು ಹತ್ತುತ್ತದೆ, ಅಂಗೈ ಮತ್ತು ಮಣಿಕಟ್ಟಿನ ನರಗಳು ಅದುಮಿಕೊಳ್ಳುತ್ತವೆ. ಕುಳಿತವರ ಬೆನ್ನುಮೂಳೆಗೆ ಸೆಕೆಂಡಿಗೆ 4ರಿಂದ 8 ಬಾರಿಯ ಕುಲುಕಾಟ ಬಹಳ ತಟ್ಟುತ್ತದೆ. ಓರೆಯಾದ ಚಕ್ರ 40 ಕಿ.ಮೀ. ವೇಗದಲ್ಲಿ ಕೊಡುವುದು ಇಂಥ ಕುಲುಕಾಟವನ್ನೇ.

ಇದಕ್ಕೆ ಜನ ಕಂಡುಕೊಂಡ ಪರಿಹಾರ ದಪ್ಪ ಗ್ಲೌಸ್, ಸ್ಪಂಜಿನ ಹಿಡಿ, ಸೊಂಟದ ಬೆಲ್ಟ್. ಎಂಜಿನ್ನಿನ ಸಣ್ಣ ಗುಂಯ್‌ಗುಡುವಿಕೆಯನ್ನು ಗ್ಲೌಸ್ ಸ್ವಲ್ಪ ತಗ್ಗಿಸೀತು. ಚಕ್ರದ ನಿಧಾನವಾದ ಕುಲುಕಾಟವನ್ನು ಅದು ತಡೆಯಲಾರದು. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟ ಹಾಗೆ ಇದು. ಹೆಂಚು ಸರಿಮಾಡಿಸುವುದೇ ಜಾಣತನ.

ನೀವೇ ಮಾಡಬಹುದಾದ ಪರೀಕ್ಷೆಗಳು ಇಲ್ಲಿವೆ:

* ವಾಹನಗಳಿಲ್ಲದ ನೇರ ರಸ್ತೆಯಲ್ಲಿ, ನಡುಕ ಬರುವ ವೇಗದಲ್ಲಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡಿ. ನಡುಕ ನಿಂತರೆ ದೋಷ ಎಂಜಿನ್ ಕಡೆಯದು. ಮುಂದುವರಿದರೆ ಚಕ್ರದ್ದು.
* ಗಾಳಿ ಪರೀಕ್ಷಿಸಿ. ಕಾಡುದಾರಿಗೆಂದು ಇಳಿಸಿದ ಗಾಳಿಯನ್ನು ಮತ್ತೆ ತುಂಬಿಸಲು ಅನೇಕರು ಮರೆಯುತ್ತಾರೆ.
* ಚಕ್ರ ತೊಳೆದು, ಪ್ರತಿ ಕಡ್ಡಿಯನ್ನೂ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಮಿಕ್ಕವು ಟಿಣ್ ಎಂದಾಗ ಒಂದು ಮಾತ್ರ ಬೊದ್ದೆಂದರೆ ಅದು ಸಡಿಲ. ಬಿಗಿ ಮಾಡುವ ಕೆಲಸ ಮಾತ್ರ ನುರಿತ ಮೆಕ್ಯಾನಿಕ್‌ನದು.
* ಚಕ್ರ ಎತ್ತಿ ನಿಲ್ಲಿಸಿ, ರಿಮ್ಮಿನ ಪಕ್ಕ ಪೆನ್ಸಿಲ್ ಹಿಡಿದು ತಿರುಗಿಸಿ. ಅಂತರ 2 ಮಿ.ಮೀ.ಗಿಂತ ಹೆಚ್ಚು ಬದಲಾದರೆ ಬೆಂಡ್ ತೆಗೆಸಬೇಕು.
* ಬ್ರೇಕ್ ಉಜ್ಜದಂತೆ ನೋಡಿಕೊಂಡು ಮುಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡಿ. ಪ್ರತಿ ಸಲ ಒಂದೇ ಜಾಗ ಕೆಳಗೆ ಬಂದು ನಿಂತರೆ ಅಲ್ಲಿ ತೂಕ ಹೆಚ್ಚು. ಅದಕ್ಕೆ ಎದುರು ಬದಿಯಲ್ಲಿ 5 ಗ್ರಾಂ ಅಂಟು ತೂಕಗಳನ್ನು ಒಂದೊಂದಾಗಿ ಹಚ್ಚಿ. ಕಾರಿನ ಚಕ್ರ ಬ್ಯಾಲೆನ್ಸ್ ಮಾಡುವಲ್ಲಿ ಇವು ಸಿಗುತ್ತವೆ. ಚಕ್ರ ಎಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಸಮತೋಲ ಬಂದಂತೆ.

ದಪ್ಪ ಗುಬ್ಬಿಗಳ ಟಯರು ಡಾಂಬರಿನ ಮೇಲೆ ಗುಂಯ್ ಎನ್ನುವುದು ಸಹಜ, ಅದಕ್ಕೆ ಬ್ಯಾಲೆನ್ಸ್ ಮದ್ದಲ್ಲ. ವಾರವೆಲ್ಲ ಪೇಟೆಯಲ್ಲೇ ಓಡಿಸುವವರಿಗೆ ಅಂಥ ಟಯರು ಬೇಕೇ ಎಂದು ಯೋಚಿಸಿ.

ಸವಾರಿಯಲ್ಲಿ ಹ್ಯಾಂಡಲನ್ನು ಹಗುರವಾಗಿ ಹಿಡಿಯಿರಿ. ತೀರಾ ಕೆಟ್ಟ ದಾರಿಯಲ್ಲಿ ಫುಟ್‌ರೆಸ್ಟ್ ಮೇಲೆ ನಿಂತು, ಮೊಣಕಾಲು ತುಸು ಮಡಿಸಿ ಓಡಿಸಿ; ಆಗ ಕಾಲುಗಳೇ ಸ್ಪ್ರಿಂಗ್ ಆಗುತ್ತವೆ. ಗಂಟೆಗೊಮ್ಮೆ ಇಳಿದು ಕೈಕಾಲು ಆಡಿಸಿ. ಬೀಡಿ ಸಿಗರೇಟು ಬಿಡಿ, ಅವು ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುತ್ತವೆ.

ಹಾಗೆಂದು ಎಲ್ಲ ಜೋಮನ್ನೂ ಬೈಕಿನ ತಲೆಗೆ ಕಟ್ಟಬೇಡಿ. ಎರಡೂ ಪಾದ ಜೋಮು ಹಿಡಿದರೆ ರಕ್ತದ ಸಕ್ಕರೆ ಪರೀಕ್ಷಿಸಿ. ಬೈಕ್ ಮುಟ್ಟದ ದಿನವೂ ಜೋಮು ಇದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಕೈಯಿಂದ ವಸ್ತು ಜಾರಿದರೆ, ಬೆರಳು ಬಿಳಿಚಿಕೊಂಡರೆ ತಡಮಾಡದೆ ವೈದ್ಯರನ್ನು ಕಾಣಿ. ಬೆನ್ನುನೋವಿನೊಂದಿಗೆ ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಿ. ಬಹುಕಾಲ ಅದುಮಿಕೊಂಡ ನರ ಪೂರ್ತಿ ಚೇತರಿಸಿಕೊಳ್ಳದೆ ಹೋಗಬಹುದು. ಜೋಮು ಹಿಡಿದ ಬೆರಳು ಬ್ರೇಕನ್ನೂ ಸಮಯಕ್ಕೆ ಸರಿಯಾಗಿ ಒತ್ತಲಾರದು.

ಮಗನಿಗೆ ಎರಡು ಮೂರು ಲಕ್ಷದ ಬೈಕ್ ಕೊಡಿಸುವ ತಂದೆತಾಯಿಯರು ಸರ್ವಿಸಿಗೆ ಬಿಡುವಾಗ ‘ಆಯಿಲ್ ಬದಲಿಸಿ’ ಎನ್ನುವುದರ ಜೊತೆಗೆ ‘ಕಡ್ಡಿ, ಬೆಂಡ್, ಬ್ಯಾಲೆನ್ಸ್ ನೋಡಿ’ ಎಂದೂ ಹೇಳಬೇಕು. ಅದಕ್ಕೆ ತಗಲುವುದು ಅರ್ಧ ದಿನ, ಕೆಲವು ನೂರು ರೂಪಾಯಿ. ನನ್ನ ಮಟ್ಟಿಗೆ ಅದೂ ಒಂದು ಚಿಕಿತ್ಸೆಯೇ.