‘ಹಳೇ ಪುಸ್ತಕ ಇಟ್ಕೊಂಡು ಆಡಿ’ ಅನ್ನೋರಿಗೆ

(1/5)
ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಹೊಸ ರೂಲ್ಸ್ ಬಗ್ಗೆ ಹಳೇ ಆಟಗಾರರು ಬಾಯಿ ತೆರೆದ್ರೆ ಸಾಕು, ಒಂದೇ ಉತ್ತರ ಬಂದು ಬೀಳುತ್ತೆ: ‘ಇಷ್ಟ ಇಲ್ವಾ? ಹಳೇ ಪುಸ್ತಕ ಇಟ್ಕೊಂಡು ಆಡಿ. ಯಾರು ಬೇಡ ಅಂದ್ರು?’ ಕೇಳೋಕೆ ನ್ಯಾಯವಾಗೇ ಇದೆ. ಆದ್ರೆ ಬೇಡ ಅನ್ನೋಕೆ ಹೊರಟವರು ಇದ್ರು. ಯಾರು ಅಂತ 4ನೇ ಪೋಸ್ಟಲ್ಲಿ ಹೇಳ್ತೀನಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ: ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ದಾಳ ಉರುಳಿಸ್ತಾ ಕಥೆ ಕಟ್ಟೋ ಆಟ ಇದು. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದಿದ್ದು. ಈಗ ಹ್ಯಾಸ್‌ಬ್ರೋದವರ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೈಲಿದೆ. ಒಂದೇ ಕಥೆ, ಅದೇ ಪಾತ್ರ, ಎರಡು ಮೂರು ವರ್ಷ ನಡೆಯೋದೂ ಉಂಟು. ಹಾಗಾಗಿ ರೂಲ್ಸ್ ಬದಲಾದ್ರೆ ಮೊಬೈಲ್ ಅಪ್‌ಡೇಟ್ ಥರ ‘ಓಕೆ’ ಒತ್ತಿ ಮುಂದೆ ಹೋಗೋಕಾಗಲ್ಲ.

(2/5)
ಐದನೇ ಎಡಿಷನ್ ಬಂದಿದ್ದು 2014ರಲ್ಲಿ. ಹತ್ತು ವರ್ಷ ಆದ್ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್, ನವೆಂಬರ್‌ನಲ್ಲಿ ಡಂಜನ್ ಮಾಸ್ಟರ್ಸ್ ಗೈಡ್, 2025ರ ಫೆಬ್ರವರಿಯಲ್ಲಿ ಮಾನ್ಸ್ಟರ್ ಮ್ಯಾನುಯಲ್. ಒಂದೊಂದರ ಬೆಲೆ 49.99 ಡಾಲರ್. ಮೂರೂ ಪುಸ್ತಕ ಹೊಸದು, ಆದ್ರೆ ಕಂಪನಿ ಪ್ರಕಾರ ಇದು ಹೊಸ ಎಡಿಷನ್ ಅಲ್ವಂತೆ! ಐದನೇ ಎಡಿಷನ್ನೇ, ಸ್ವಲ್ಪ ತಿದ್ದಿದ್ದು, ಹಳೇದರ ಜೊತೆ ಹೊಂದಿಕೊಳ್ಳುತ್ತೆ ಅಂತ.

ಬಿಕಾಂ ಓದೋ ನನಗೆ ಇಲ್ಲೇ ಮೊದಲ ತಕರಾರು. ಹೊಸದು ಅಂದ್ರೆ ಹಳೇ ಗಿರಾಕಿ ದೂರ ಹೋಗ್ತಾನೆ, ಹಳೇದು ಅಂದ್ರೆ ಮತ್ತೆ ದುಡ್ಡು ಕೊಡಲ್ಲ. ಅದಕ್ಕೇ ಎರಡೂ ಹೇಳಿಬಿಟ್ರು. ಆಟಗಾರರು ತಾವೇ ‘5.5’ ಅಂತ ಹೆಸರಿಟ್ಕೊಂಡ್ರು, ಯಾಕಂದ್ರೆ ಇವತ್ತು ಯಾವ ರೂಲ್ ಅಂತ ಹೇಳೋಕಾದ್ರೂ ಒಂದು ಹೆಸರು ಬೇಕಲ್ಲ.

(3/5)
ರೂಲ್ಸ್ ವಿಷಯಕ್ಕೆ ಬನ್ನಿ. ಎಲ್ಲ ದೂರೂ ಸರಿ ಅಂತ ನಾನು ಹೇಳಲ್ಲ. ‘ರೇಸ್’ ಅನ್ನೋ ಪದ ತೆಗೆದು ‘ಸ್ಪೀಶೀಸ್’ ಹಾಕಿದ್ದಕ್ಕೆ ಊರು ಮುಳುಗಿದ ಹಾಗೆ ಕಿರುಚಿದೋರ ಜೊತೆ ನಾನಿಲ್ಲ. ಕತ್ತಿ, ಕೊಡಲಿ ಹಿಡಿಯೋ ಫೈಟರ್‌ಗೆ ಆಯುಧದ ಹೊಸ ಪಟ್ಟುಗಳು ಸಿಕ್ಕಿದ್ದು ಒಳ್ಳೇದೇ. ಪ್ರತಿ ಏಟಿಗೂ ಎದುರಾಳಿ ಬಿದ್ನಾ ಇಲ್ವಾ ಅಂತ ಇನ್ನೊಂದು ದಾಳ ಉರುಳಿಸಿ ಆಟ ನಿಧಾನ ಆಗುತ್ತೆ, ಅದನ್ನ ಸಹಿಸ್ಕೋಬಹುದು.

ಆದ್ರೆ ರೇಂಜರ್ ನೋಡಿ. ಕಾಡಿನ ಬೇಟೆಗಾರ, ಹೆಜ್ಜೆ ನೋಡಿ ದಾರಿ ಹೇಳೋನು. ಅವನ ಎಷ್ಟೋ ಶಕ್ತಿಗಳನ್ನ ‘ಹಂಟರ್ಸ್ ಮಾರ್ಕ್’ ಅನ್ನೋ ಒಂದೇ ಮಂತ್ರಕ್ಕೆ ಗಂಟು ಹಾಕಿದ್ದಾರೆ. ಆ ಮಂತ್ರಕ್ಕೆ ಏಕಾಗ್ರತೆ ಬೇಕು, ಅದು ನಡೀತಿದ್ರೆ ಏಕಾಗ್ರತೆ ಬೇಕಾದ ಬೇರೆ ಮಂತ್ರ ಹಾಕೋಕಾಗಲ್ಲ. ವರ್ಷಗಟ್ಟಲೆ ಆಡಿ ಕೊನೇ ಲೆವೆಲ್, ಅಂದ್ರೆ 20ಕ್ಕೆ ತಲುಪಿದ್ರೆ ಬಹುಮಾನ ಏನು ಗೊತ್ತಾ? ಅದೇ ಮಂತ್ರದ ಆರು ಮುಖದ ದಾಳ ಹತ್ತು ಮುಖದ್ದಾಗುತ್ತೆ. ಸರಾಸರಿ ತೆಗೀರಿ: 3.5 ಇದ್ದಿದ್ದು 5.5. ಎರಡೇ ಎರಡು ಪಾಯಿಂಟ್! ಇದನ್ನ ಕೇಳಿದವರನ್ನ ‘ಹಳೇ ಕಾಲದ ಅಂಕಲ್‌ಗಳು’ ಅಂತ ಆಡ್ಕೊಂಡ್ರಿ. ಅಂಕಲ್‌ಗಳು ಲೆಕ್ಕ ಸರಿಯಾಗೇ ಮಾಡಿದ್ರು ಸ್ವಾಮಿ.

ಹಾಫ್ ಎಲ್ಫ್, ಹಾಫ್ ಆರ್ಕ್ ಎರಡೂ ಹೊಸ ಹ್ಯಾಂಡ್‌ಬುಕ್‌ನಲ್ಲಿ ಇಲ್ಲ. ಬೇಕಾದ್ರೆ 2014ರ ಪುಸ್ತಕದಿಂದ ತಗೊಳ್ಳಿ ಅಂತೆ. ಮತ್ತೆ ಅದೇ ಮಾತು.

(4/5)
ಈಗ ಆ ಹಳೇ ಪುಸ್ತಕದ ಕಥೆ.

ತುಂಬಾ ಜನ ಈಗ ಕಾಗದದಲ್ಲಿ ಆಡಲ್ಲ. ಡಿ ಅಂಡ್ ಡಿ ಬಿಯಾಂಡ್ ಅನ್ನೋ ಆನ್‌ಲೈನ್ ಸೇವೆಯಲ್ಲಿ ದುಡ್ಡು ಕೊಟ್ಟು ಪುಸ್ತಕ ತಗೋತಾರೆ, ಪಾತ್ರದ ಶೀಟ್ ಕೂಡ ಅಲ್ಲೇ. 2022ರಲ್ಲಿ ಹ್ಯಾಸ್‌ಬ್ರೋ ಅದನ್ನೂ ಕೊಂಡ್ಕೊಂಡ್ತು. 2024ರ ಆಗಸ್ಟ್‌ನಲ್ಲಿ, ಹೊಸ ಪುಸ್ತಕ ಅಂಗಡಿಗೆ ಬರೋ ಮುಂಚೆ, ಒಂದು ಪ್ರಕಟಣೆ: ನಿಮ್ಮ ಶೀಟ್‌ನಲ್ಲಿರೋ ಹಳೇ ಮಂತ್ರಗಳು, ಮಾಯಾ ವಸ್ತುಗಳು 2024ರ ರೂಪಕ್ಕೆ ಬದಲಾಗುತ್ತವೆ. ಹಳೇದೇ ಬೇಕು ಅಂದ್ರೆ ನೀವೇ ಒಂದೊಂದಾಗಿ ಕೈಯಾರೆ ಬರೆದು ಸೇರಿಸ್ಕೊಳ್ಳಿ.

ಅರ್ಥ ಆಯ್ತಾ? ದುಡ್ಡು ಕೊಟ್ಟಿದ್ದು ನೀವು, ಕ್ಯಾಂಪೇನ್ ಅರ್ಧ ದಾರಿಯಲ್ಲಿರೋದು ನಿಮ್ಮದು, ರೂಲ್ ಬದಲಾಯಿಸೋದು ಸರ್ವರ್ ಇಟ್ಕೊಂಡಿರೋರು. ಜನ ಗಲಾಟೆ ಮಾಡಿದ್ರು, ಚಂದಾ ರದ್ದು ಮಾಡ್ತೀವಿ ಅಂದ್ರು. ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರೀತು, ಹಳೇದೂ ಉಳೀತು. ಉಳಿಸಿದ್ದು ಯಾರು? ನೀವು ಯಾರನ್ನ ಗೊಣಗೋರು ಅಂತೀರೋ, ಅವರೇ. ಗಲಾಟೆ ಆಗದೇ ಇದ್ದಿದ್ರೆ ‘ಹಳೇದನ್ನೇ ಆಡಿ’ ಅನ್ನೋಕೆ ಆ ಶೀಟ್‌ನಲ್ಲಿ ಹಳೇದು ಇರ್ತಾನೇ ಇರ್ಲಿಲ್ಲ.

(5/5)
ಹಿಂದೆ ಹೀಗಿರಲಿಲ್ಲ. 2008ರಲ್ಲಿ ನಾಲ್ಕನೇ ಎಡಿಷನ್ ಬಂದಾಗ ಇದಕ್ಕಿಂತ ದೊಡ್ಡ ಜಗಳ. ಇಷ್ಟ ಆಗದವರು ಏನ್ ಮಾಡಿದ್ರು? 2000ದಲ್ಲಿ ಕಂಪನಿಯೇ ಕೊಟ್ಟಿದ್ದ ಓಪನ್ ಗೇಮ್ ಲೈಸೆನ್ಸ್ ಇತ್ತು. ಅದನ್ನ ಹಿಡ್ಕೊಂಡು ಪೈಜೋ ಅನ್ನೋ ಪ್ರಕಾಶಕರು ಹಳೇ 3.5 ರೂಲ್ಸ್ ಮೇಲೇ 2009ರಲ್ಲಿ ಪಾತ್‌ಫೈಂಡರ್ ತಂದ್ರು, ಜನ ಅಲ್ಲಿಗೆ ಹೋದ್ರು. ಪುಸ್ತಕ ಕಪಾಟಿನಲ್ಲಿ, ಲೈಸೆನ್ಸ್ ಕೈಯಲ್ಲಿ. 2023ರ ಜನವರಿಯಲ್ಲಿ ಅದೇ ಲೈಸೆನ್ಸನ್ನ ರದ್ದು ಮಾಡೋ ಕರಡು ಸೋರಿಕೆ ಆಯ್ತು. ಆಗಲೂ ಜನ ತಿರುಗಿಬಿದ್ದು, ಅದೇ ತಿಂಗಳ 27ಕ್ಕೆ ಐದನೇ ಎಡಿಷನ್‌ನ ಮೂಲ ರೂಲ್ಸ್ 400 ಪುಟದಷ್ಟನ್ನ ಕ್ರಿಯೇಟಿವ್ ಕಾಮನ್ಸ್‌ಗೆ ಬಿಡಬೇಕಾಯ್ತು. ಎರಡು ವರ್ಷದೊಳಗೆ ಎರಡು ಸಲ ಕೈ ಹಾಕಿದ್ದಾರೆ. ಅನುಮಾನ ಬರದೇ ಇನ್ನೇನು?

ನಮ್ಮ ಚೌಕಾಬಾರ ನೆನಪಿಸ್ಕೊಳ್ಳಿ. ಕವಡೆ ಎಷ್ಟು ಬಿದ್ರೆ ಮತ್ತೆ ಆಟ, ಕಾಯಿ ಹೊಡೀದೇ ಒಳಮನೆಗೆ ಹೋಗಬಹುದಾ, ಮನೆಗೊಂದು ರೂಲ್. ಅಜ್ಜಿ ಹೇಳಿದ್ದೇ ಫೈನಲ್. ಯಾವ ಕಂಪನಿಯೂ ರಾತ್ರೋರಾತ್ರಿ ಅಜ್ಜಿಯನ್ನ ಅಪ್‌ಡೇಟ್ ಮಾಡೋಕಾಗಲ್ಲ.

ಹೊಸಬರು 2024ರ ಪುಸ್ತಕದಿಂದಲೇ ಶುರು ಮಾಡಿ, ಓದೋಕೆ ಅದೇ ಸುಲಭ, ಜೋಡಣೆ ಚೆನ್ನಾಗಿದೆ. ಆದ್ರೆ ಆ 400 ಪುಟದ ಪಿಡಿಎಫ್ ಫ್ರೀ ಇದೆ, ಇವತ್ತೇ ಇಳಿಸ್ಕೊಂಡು ನಿಮ್ಮ ಫೋನ್‌ನಲ್ಲೇ ಇಟ್ಕೊಳ್ಳಿ. ಮತ್ತೆ ರೇಂಜರ್ ಆಡ್ತಿರೋರು ಯಾರಾದ್ರೂ ಇದ್ರೆ, ಮಾರ್ಕ್ ಬಿಟ್ಟು ಬೇರೆ ಮಂತ್ರ ಎಷ್ಟು ಸಲ ಹಾಕಿದ್ರಿ ಅಂತ ಕಾಮೆಂಟಲ್ಲಿ ಹೇಳಿ.

#ಡಂಜನ್ಸ್‌ಅಂಡ್‌ಡ್ರಾಗನ್ಸ್ #ಕನ್ನಡದಲ್ಲಿಆಟ #ದಾಳಉರುಳಿಸಿ