ಸೋಸಿದ ನೀರು, ಸೋಸದ ನಂಬಿಕೆ

ಶ್ರಾವಕರ ಮನೆಯಲ್ಲಿ ಸೋಸದ ನೀರನ್ನು ಬಳಸುವ ಪದ್ಧತಿಯಿಲ್ಲ. ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆ ಮಾಡಿದ ದಪ್ಪ ಬಟ್ಟೆಯ ಮೂಲಕ ಹಾಯಿಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿಸುವುದು ತಲೆಮಾರುಗಳಿಂದ ನಡೆದುಬಂದ ಆಚಾರ. ಹೀಗೆ ಸೋಸಿದ ನೀರಿಗೂ ಒಂದು ಮಿತಿಯುಂಟು. ಒಂದು ಮುಹೂರ್ತ, ಅಂದರೆ 48 ನಿಮಿಷ ಕಳೆದರೆ ಅದನ್ನು ಮತ್ತೆ ಸೋಸಬೇಕು. ಬಾವಿಯ ನೀರು ಕೆಟ್ಟದ್ದೆಂಬ ಅನುಮಾನದಿಂದ ಯಾರೂ ಹೀಗೆ ಮಾಡುವುದಿಲ್ಲ. ತಿಳಿನೀರಿನಲ್ಲಿಯೂ ಕಾಣದ ಜೀವವಿರಬಹುದು, ತನ್ನ ಅಜಾಗರೂಕತೆಯಿಂದ ಅದಕ್ಕೆ ನೋವಾಗಬಾರದು ಎಂಬ ಎಚ್ಚರವೇ ಇದರ ಮೂಲ.

ಬರಿಗಣ್ಣಿಗೆ ಕಾಣದ ಜೀವದ ಬಗೆಗೆ ಇಷ್ಟು ಎಚ್ಚರ ತೋರುವ ಸಮಾಜ, ಕಣ್ಣೆದುರಿಗೆ ಓಡಾಡುವ ಮಗುವಿನ ವಿಷಯದಲ್ಲಿ ಅಷ್ಟೇ ಎಚ್ಚರದಿಂದಿದೆಯೇ? ಬಸದಿಯ ಪಾಠಶಾಲೆ, ಬೇಸಿಗೆಯ ಸಂಸ್ಕಾರ ಶಿಬಿರ, ಗುರುಕುಲ, ವಿದ್ಯಾರ್ಥಿನಿಲಯ, ಯಾತ್ರೆ - ಇಲ್ಲೆಲ್ಲ ತಂದೆತಾಯಿಗಳು ಮಕ್ಕಳನ್ನು ನಂಬಿಕೆಯಿಂದ ಒಪ್ಪಿಸುತ್ತಾರೆ. ಆ ಮಕ್ಕಳಿಗೆ ಪಾಠ ಹೇಳುವವರ, ಅಡುಗೆ ಮಾಡುವವರ, ರಾತ್ರಿ ಕಾವಲಿರುವವರ ಪೂರ್ವವೃತ್ತಾಂತವನ್ನು ಪರಿಶೀಲಿಸಿದವರು ಯಾರು? ಈ ಪ್ರಶ್ನೆ ಜೈನ ಸಂಸ್ಥೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಎಲ್ಲ ಮತಗಳ ಸಂಸ್ಥೆಗಳೂ ಇದಕ್ಕೆ ಉತ್ತರ ಹೇಳಬೇಕು. ಆದರೆ ಅಹಿಂಸೆಯೇ ಪರಮಧರ್ಮವೆಂದು ಸಾರುವವರು ಮೊದಲು ಉತ್ತರಿಸುವುದು ಉಚಿತ.

ದೇಶದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿರುವವರು ಅಥವಾ ಸಿಬ್ಬಂದಿ ಅದೇ ಸಂಸ್ಥೆಯ ಮಗುವಿನ ಮೇಲೆ ಎಸಗುವ ದೌರ್ಜನ್ಯವನ್ನು ಅದು ಇನ್ನೂ ಘೋರವಾದ ಅಪರಾಧವೆಂದು ಪ್ರತ್ಯೇಕವಾಗಿ ಎಣಿಸುತ್ತದೆ. 2020ರ ನಿಯಮಗಳು ಮತ್ತೊಂದು ಹೆಜ್ಜೆ ಮುಂದಿಟ್ಟಿವೆ. ಮಕ್ಕಳು ವಾಸಿಸುವ ಅಥವಾ ಮಕ್ಕಳೊಡನೆ ನಿತ್ಯ ಸಂಪರ್ಕವಿರುವ ಪ್ರತಿಯೊಂದು ಸಂಸ್ಥೆಯೂ ಮಗುವಿನ ಸಂಪರ್ಕಕ್ಕೆ ಬರುವ ತನ್ನ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನೂ ಹಿನ್ನೆಲೆ ತಪಾಸಣೆಯನ್ನೂ ನಿಯತಕಾಲದಲ್ಲಿ ಮಾಡಿಸಬೇಕು. ಕೆಲಸಗಾರ ಕಾಯಂ ಆಗಿದ್ದರೂ ಗುತ್ತಿಗೆಯವನಾಗಿದ್ದರೂ ಭೇದವಿಲ್ಲ. ಒಮ್ಮೆ ಮಾಡಿಸಿದರೆ ಸಾಲದು, ಮತ್ತೆ ಮತ್ತೆ ಮಾಡಿಸಬೇಕೆಂಬುದು ಇದರ ತಾತ್ಪರ್ಯ. ಸೋಸಿದ ನೀರಿಗೂ ಅವಧಿಯನ್ನು ಗೊತ್ತುಪಡಿಸಿದ ಪರಂಪರೆಗೆ ಈ ಮಾತು ಹೊಸದಾಗಿ ಕೇಳಿಸಬಾರದು.

ಆದರೆ ನಿಯಮದ ಮಾತು ಮುಖ್ಯವಾಗಿ ನೌಕರರನ್ನು ಕುರಿತದ್ದು. ಧಾರ್ಮಿಕ ಸಂಸ್ಥೆಗಳಲ್ಲಿ ಮಕ್ಕಳ ಕೆಲಸವನ್ನು ಬಹುಮಟ್ಟಿಗೆ ಸಂಬಳವಿಲ್ಲದ ಸೇವಾರ್ಥಿಗಳೇ ನಡೆಸುತ್ತಾರೆ. 'ಇವರು ನೌಕರರಲ್ಲ, ಧರ್ಮಸೇವೆಗೆ ಬಂದವರು' ಎಂದು ಹೇಳಿ ತಪಾಸಣೆಯನ್ನು ಕೈಬಿಡುವುದು ಸುಲಭ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2005ರಲ್ಲಿ ಮೊದಲು ರೂಪುಗೊಂಡ ಕಾನೂನು ಈ ದಾರಿಯನ್ನು ಮುಚ್ಚಿದೆ. ಅಲ್ಲಿ ಮಕ್ಕಳೊಡನೆ ಕೆಲಸ ಮಾಡುವ ಸ್ವಯಂಸೇವಕರೂ ಧರ್ಮಗುರುಗಳೂ ಪರಿಶೀಲನೆಗೆ ಒಳಪಡಬೇಕು. ಸ್ವಯಂಸೇವಕರಿಂದ ಶುಲ್ಕ ಪಡೆಯುವುದಿಲ್ಲ. ಅನುಮತಿಯ ಅವಧಿ ಐದು ವರ್ಷ. ಅಲ್ಲಿ ನೆಲೆಸಿ ಮಕ್ಕಳಿಗೆ ಧರ್ಮಪಾಠ ಹೇಳುವ ಜೈನರೂ ಇದಕ್ಕೆ ಹೊರತಲ್ಲ. ವಿದೇಶದಲ್ಲಿ ಸಹಜವೆನಿಸಿದ ಈ ಕ್ರಮ ತಾಯ್ನಾಡಿನ ಬಸದಿಯಲ್ಲಿ ಮಾತ್ರ ಅವಮಾನವೆನಿಸಬೇಕಾದ ಕಾರಣವಿಲ್ಲ.

ಅವಮಾನದ ಮಾತನ್ನು ಇಲ್ಲಿ ಬಿಡಿಸಿ ನೋಡಬೇಕು. 'ವ್ರತನಿಷ್ಠರನ್ನು ಸಂಶಯಿಸುವುದೇ?' ಎಂಬ ಆಕ್ಷೇಪ ಎಲ್ಲ ಕಡೆಯೂ ಮೊದಲು ಬರುತ್ತದೆ. ಪ್ರಾಚೀನ ಆಚಾರ್ಯರು ಹಾಗೆ ಎಣಿಸಲಿಲ್ಲ. ಮುನಿಗಳ ಆಚಾರವನ್ನು ನಿರೂಪಿಸುವ, ವಟ್ಟಕೇರಾಚಾರ್ಯರ 'ಮೂಲಾಚಾರ'ವು ಆರ್ಯಿಕೆಯರು ಆಚಾರ್ಯರನ್ನು ಐದು ಹಸ್ತ, ಉಪಾಧ್ಯಾಯರನ್ನು ಆರು ಹಸ್ತ, ಸಾಧುಗಳನ್ನು ಏಳು ಹಸ್ತ ದೂರದಿಂದ ವಂದಿಸಬೇಕೆಂದು ವಿಧಿಸುತ್ತದೆ. ಸರ್ವಸಂಗವನ್ನೂ ತ್ಯಜಿಸಿದ ಮಹಾವ್ರತಿಗಳಿಗೇ ಇಂಥ ಅಂತರವನ್ನು ಗೊತ್ತುಪಡಿಸಿದವರು ಆ ಮಹಾವ್ರತಿಗಳನ್ನು ಸಂಶಯಿಸಿದರೆಂದು ಯಾರೂ ಹೇಳುವುದಿಲ್ಲ. ಮನುಷ್ಯಸ್ವಭಾವವನ್ನು ಬಲ್ಲವರು ನಿಯಮವನ್ನು ಎಲ್ಲರಿಗೂ ಸಮನಾಗಿ ಮಾಡಿದರು. ದೀಕ್ಷೆ ಬೇಡಿ ಬಂದವನ ಯೋಗ್ಯತೆಯನ್ನು ಪರೀಕ್ಷಿಸದೆ ಆಚಾರ್ಯರು ದೀಕ್ಷೆ ಕೊಡುವುದಿಲ್ಲ. ಹೀಗಿರುವಾಗ, ಶಿಬಿರದಲ್ಲಿ ಮಕ್ಕಳ ಜೊತೆ ರಾತ್ರಿ ಕಳೆಯುವ ಗೃಹಸ್ಥನೊಬ್ಬನಿಂದ ಒಂದು ಪ್ರಮಾಣಪತ್ರವನ್ನು ಕೇಳುವುದು ಹೇಗೆ ಅಪಚಾರವಾದೀತು?

ಇದಕ್ಕಿಂತ ಗಂಭೀರವಾದ ತೊಡಕು ಇನ್ನೊಂದಿದೆ. ಅದು ಧರ್ಮದ ಮಾತುಗಳನ್ನೇ ಅಪರಾಧಕ್ಕೆ ಮರೆಯಾಗಿ ಬಳಸುವುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಕುರಿತು ನಡೆದ ಸ್ವತಂತ್ರ ವಿಚಾರಣೆ, 2021ರ ಸೆಪ್ಟೆಂಬರ್‌ನಲ್ಲಿ ಧಾರ್ಮಿಕ ಸಂಸ್ಥೆಗಳ ಬಗೆಗೆ ಪ್ರತ್ಯೇಕ ವರದಿಯನ್ನು ಪ್ರಕಟಿಸಿತು. ಕೆಲವು ಸಂಸ್ಥೆಗಳಲ್ಲಿ ಮಕ್ಕಳ ರಕ್ಷಣೆಯ ಸಮರ್ಪಕ ನೀತಿಯೇ ಇರಲಿಲ್ಲವೆಂದು ಅದು ಗುರುತಿಸಿತು. ದೂರು ಹೊರಬರದಂತೆ ತಡೆಯುವ ಕಾರಣಗಳಲ್ಲಿ ಸಂಸ್ಥೆಯ ಕೀರ್ತಿಯ ಚಿಂತೆ, ಧಾರ್ಮಿಕ ನಾಯಕರ ಪ್ರಭಾವ, ನೊಂದವರನ್ನೇ ದೂಷಿಸುವ ಪ್ರವೃತ್ತಿ ಇವುಗಳ ಜೊತೆಗೆ ಕ್ಷಮೆಯ ತತ್ತ್ವದ ದುರುಪಯೋಗವನ್ನೂ ಅದು ಎಣಿಸಿತು. ವರ್ಷಕ್ಕೊಮ್ಮೆ ಎಲ್ಲ ಜೀವಿಗಳ ಕ್ಷಮೆಯನ್ನು ಬೇಡುವ ಸಮಾಜ ಈ ಕೊನೆಯ ಮಾತನ್ನು ಎರಡು ಬಾರಿ ಓದಬೇಕು.

ಉತ್ತಮ ಕ್ಷಮೆ ದಶಧರ್ಮಗಳಲ್ಲಿ ಮೊದಲನೆಯದು. ಅದು ನೊಂದವನ ಅಂತರಂಗದಲ್ಲಿ ಹುಟ್ಟುವ ಗುಣ. ನೋವುಣ್ಣದ ಆಡಳಿತ ಮಂಡಳಿ ಮಗುವಿನ ಪರವಾಗಿ ಕ್ಷಮಿಸುವ ಅಧಿಕಾರವನ್ನು ಯಾವ ಆಗಮವೂ ಕೊಟ್ಟಿಲ್ಲ. ಕ್ಷಮೆಯ ಜೊತೆಗೇ ಪ್ರಾಯಶ್ಚಿತ್ತವನ್ನೂ ಧರ್ಮ ಹೇಳಿದೆ. ಉಮಾಸ್ವಾಮಿಗಳು 'ತತ್ತ್ವಾರ್ಥಸೂತ್ರ'ದಲ್ಲಿ ಹೇಳಿದ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ದೀಕ್ಷಾಕಾಲವನ್ನು ಕಡಿತಗೊಳಿಸುವ 'ಛೇದ'ವಿದೆ, ಸಂಘದಿಂದ ಕೆಲಕಾಲ ಹೊರಗಿಡುವ 'ಪರಿಹಾರ'ವಿದೆ. ಕ್ಷಮಿಸುವುದೆಂದರೆ ತಪ್ಪಿತಸ್ಥನನ್ನು ಅದೇ ಸ್ಥಾನದಲ್ಲಿ ಉಳಿಸುವುದೆಂದು ಪೂರ್ವಾಚಾರ್ಯರು ತಿಳಿದಿರಲಿಲ್ಲ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದಾದ ಉಪಗೂಹನದ ಪಾಡೂ ಇದೇ. ಅಜ್ಞರಿಂದಲೂ ಅಶಕ್ತರಿಂದಲೂ ಶುದ್ಧವಾದ ಮಾರ್ಗಕ್ಕೆ ಬರುವ ನಿಂದೆಯನ್ನು ನಿವಾರಿಸುವುದು ಉಪಗೂಹನವೆಂದು ಸಮಂತಭದ್ರಾಚಾರ್ಯರು ವಿವರಿಸಿದ್ದಾರೆ. ಮಗುವಿನ ಮೇಲಿನ ಅಪರಾಧವನ್ನು ಮುಚ್ಚಿಟ್ಟರೆ ನಿಂದೆ ನಿವಾರಣೆಯಾಗುವುದಿಲ್ಲ, ಇಮ್ಮಡಿಯಾಗುತ್ತದೆ. ಇನ್ನೊಂದು ಮಗು ಬಲಿಯಾಗುವುದಕ್ಕೂ ದಾರಿಯಾಗುತ್ತದೆ. ಉಪಗೂಹನದ ಹೆಸರಿನಲ್ಲಿ ಅಪರಾಧವನ್ನು ಅಡಗಿಸುವವರು ಅದೇ ಪಟ್ಟಿಯಲ್ಲಿರುವ ವಾತ್ಸಲ್ಯವನ್ನು ಮರೆಯುತ್ತಾರೆ. ವತ್ಸವೆಂದರೆ ಕರು. ಹಸು ತನ್ನ ಕರುವಿನಲ್ಲಿ ಇಟ್ಟ ಪ್ರೀತಿಯೇ ಆ ಅಂಗಕ್ಕೆ ಹೆಸರಾಗಿದೆ. ಕರುವಿಗೆ ಅಪಾಯ ಬಂದಾಗ ಹಸು ಕೊಟ್ಟಿಗೆಯ ಮಾನವನ್ನು ಲೆಕ್ಕ ಹಾಕುವುದಿಲ್ಲ.

ಹಿಂಸೆಗೆ ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳನ್ನು ಜೈನಧರ್ಮ ಹೇಳುತ್ತದೆ. ತಾನು ಮಾಡುವುದು, ಮಾಡಿಸುವುದು, ಮಾಡಿದವನಿಗೆ ಸಮ್ಮತಿಸುವುದು. ಅಪರಾಧ ನಡೆದುದನ್ನು ತಿಳಿದೂ ಸುಮ್ಮನಿರುವುದು ಮೂರನೆಯ ದ್ವಾರಕ್ಕೆ ತೀರ ಹತ್ತಿರ. ಪೋಕ್ಸೋ ಕಾಯ್ದೆಯ 19ನೆಯ ಕಲಂ ಪ್ರಕಾರ ಅಪರಾಧದ ಅರಿವುಳ್ಳ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಅಧೀನನ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ 21ನೆಯ ಕಲಂ ಒಂದು ವರ್ಷದವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಧರ್ಮಶಾಸ್ತ್ರ ಮತ್ತು ದಂಡಶಾಸ್ತ್ರ ಇಲ್ಲಿ ಒಂದೇ ಮಾತನ್ನು ಆಡುತ್ತಿವೆ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಪರಂಪರೆಯಿದು. ವ್ಯಾಪಾರದ ಸಂದರ್ಭದಲ್ಲಿ ಬಂದ ಆ ಮಾತಿನ ಹಿಂದಿರುವ ಶೀಲ ಮಕ್ಕಳ ರಕ್ಷಣೆಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ತಪಾಸಣೆಯೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ತಿಳಿಯುವುದೂ ತಪ್ಪು. ಪೊಲೀಸ್ ದಾಖಲೆಯಲ್ಲಿ ಹೆಸರಿಲ್ಲದವನೆಲ್ಲ ನಿರ್ದೋಷಿಯೆಂದು ಅರ್ಥವಲ್ಲ. ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಮೊದಲೇ ಪರಿಚಿತನಾಗಿರುತ್ತಾನೆ. ಬಟ್ಟೆಯ ಎಳೆಗಿಂತ ಸೂಕ್ಷ್ಮವಾದುದು ಸೋಸಿದ ಮೇಲೂ ಉಳಿಯುತ್ತದೆಂದು ಬಲ್ಲವರೇ ನೀರನ್ನು ಕಾಯಿಸಿಯೂ ಕುಡಿಯುತ್ತಾರೆ. ಹಾಗೆಯೇ ಪ್ರಮಾಣಪತ್ರದ ಜೊತೆಗೆ ಬೇರೆ ಕಟ್ಟುಪಾಡುಗಳೂ ಬೇಕು. ಒಬ್ಬ ಮಗುವಿನ ಜೊತೆ ಒಬ್ಬನೇ ಹಿರಿಯ ಮುಚ್ಚಿದ ಬಾಗಿಲ ಹಿಂದೆ ಇರಬಾರದು. ಶಿಬಿರದಲ್ಲಿ ಮಕ್ಕಳು ಮಲಗುವ ಕೋಣೆ ಹಿರಿಯರ ಕೋಣೆಯಿಂದ ಪ್ರತ್ಯೇಕವಾಗಿರಬೇಕು. ದೂರು ಕೇಳಲು ಆಡಳಿತ ಮಂಡಳಿಯ ಬಂಧುವಲ್ಲದ ಒಬ್ಬ ಮಹಿಳೆಯನ್ನು ನೇಮಿಸಬೇಕು. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಪಾಠಶಾಲೆಯ ಗೋಡೆಯ ಮೇಲೆ ಮಗುವಿಗೆ ಓದಲು ಸಿಗುವ ಎತ್ತರದಲ್ಲಿ ಇರಬೇಕು. ಎಲ್ಲಕ್ಕೂ ಮಿಗಿಲಾಗಿ, ಮಗು ಹೇಳಿದ್ದನ್ನು ನಂಬಿ ಕೇಳುವ ಕಿವಿ ಬೇಕು.

ಸಣ್ಣ ಊರಿನ ಬಸದಿಗೆ ಇದು ಭಾರವೆಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅರ್ಚಕರೊಬ್ಬರು, ಟ್ರಸ್ಟಿಗಳು ನಾಲ್ವರು, ವಾರಕ್ಕೊಮ್ಮೆ ಬರುವ ಹತ್ತು ಮಕ್ಕಳು ಇರುವಲ್ಲಿ ಕಾಗದಪತ್ರ ನೋಡಿಕೊಳ್ಳುವವರು ಸಿಗುವುದು ಕಷ್ಟ. ಇಂಥಲ್ಲಿ ದೊಡ್ಡ ಮಠಗಳೂ ಜಿಲ್ಲಾ ಸಂಘಗಳೂ ನೆರವಾಗಬೇಕು. ಕರ್ನಾಟಕದಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಪಂಚಕಲ್ಯಾಣದ ಆಮಂತ್ರಣಪತ್ರಿಕೆಗೂ ಶಾಮಿಯಾನಕ್ಕೂ ಸಮಿತಿಗಳನ್ನು ರಚಿಸಬಲ್ಲ ಸಮಾಜಕ್ಕೆ ಮಕ್ಕಳ ರಕ್ಷಣೆಗೆ ಒಂದು ಸಮಿತಿಯನ್ನು ರಚಿಸುವುದು ಅಸಾಧ್ಯವಲ್ಲ.

ಸಮಿತಿ ಎಂಬ ಶಬ್ದಕ್ಕೆ ಜೈನ ಆಗಮದಲ್ಲಿ ಬೇರೆಯೇ ಅರ್ಥವಿದೆ. ನೋಡಿ ನಡೆಯುವುದು, ನೋಡಿ ಎತ್ತುವುದು, ನೋಡಿ ಇಡುವುದು ಸಮಿತಿ. ಪ್ರಮಾದದಿಂದ ಆಗುವ ಪ್ರಾಣಹಾನಿಯೇ ಹಿಂಸೆ ಎಂಬುದು ಉಮಾಸ್ವಾಮಿಗಳ ನಿರೂಪಣೆ. ನೋಡಬೇಕಾದುದನ್ನು ನೋಡದೆ ಬಿಟ್ಟವನು 'ತಿಳಿದಿರಲಿಲ್ಲ' ಎಂದು ಹೇಳಿ ಅದರಿಂದ ಪಾರಾಗಲಾರ. ಮುನಿಯ ಕೈಯ ಪಿಂಛಿ ಕುಳಿತುಕೊಳ್ಳುವ ನೆಲವನ್ನು ಪ್ರತಿ ಬಾರಿಯೂ ಹೊಸದಾಗಿ ಗುಡಿಸುತ್ತದೆ. ನಿನ್ನೆ ಗುಡಿಸಿದ ನೆಲವೆಂದು ಇಂದು ಸುಮ್ಮನಿರುವುದಿಲ್ಲ. ಮಗು ಕುಳಿತು ಣಮೋಕಾರ ಕಲಿಯುವ ನೆಲಕ್ಕೂ ಅಷ್ಟೇ ಎಚ್ಚರ ಸಲ್ಲಬೇಕು.